ಮನಸ್ಸಿನ ಕಾಯಿಲೆಗೂ ಇ.ಎಸ್.ಐ. ಕಾರ್ಡ್



ನಿದ್ದೆ ಬಾರದು, ಎದೆ ಡವಡವ, ಕಾರಣವಿಲ್ಲದೆ ಅಳು. ಇದಕ್ಕೆ ತಾಯತ ಕಟ್ಟಿಸ್ತೀವಿ, ಇಲ್ಲವೇ ಸಂಘದ ಸಾಲ ತೆಗೆದು ಖಾಸಗಿ ಡಾಕ್ಟರ ಹತ್ರ ಓಡ್ತೀವಿ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವವರು ಸಂಬಳದ ಚೀಟಿ ತೆಗೆದು ನೋಡಿ. ನೂರು ರೂಪಾಯಿಗೆ 75 ಪೈಸೆ ಇ.ಎಸ್.ಐ.ಗೆ ಕಡಿತ, ಮಾಲೀಕರದ್ದು 3 ರೂಪಾಯಿ 25 ಪೈಸೆ. ಆ ದುಡ್ಡು ಜ್ವರಕ್ಕೆ, ಹೆರಿಗೆಗೆ ಮಾತ್ರವಲ್ಲ, ಮನಸ್ಸಿನ ಚಿಕಿತ್ಸೆಗೂ ಸೇರಿದ್ದು. ಗಂಡ, ಮಕ್ಕಳಿಗೂ ಸಿಗುತ್ತೆ.

ಮೊದಲು ನಿಮ್ಮ ಇ.ಎಸ್.ಐ. ಡಿಸ್ಪೆನ್ಸರಿಗೆ ಹೋಗಿ. ಬರೀ ತಲೆನೋವು ಅಂತ ಹೇಳಿ ಮಾತ್ರೆ ತಗೊಂಡು ವಾಪಸ್ ಬರಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮನೋವೈದ್ಯರಿಗೆ ಚೀಟಿ ಬರೆಸಿಕೊಳ್ಳಿ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಕ್ಯೂ ಉದ್ದ, ಒಂದು ದಿನದ ಸಂಬಳವೂ ಹೋದೀತು, ನಿಜ. ಸಾಲದ ಬಡ್ಡಿಗಿಂತ ಅದು ಕಡಿಮೆಯೇ. ಮಾತ್ರೆ ಜೊತೆ ಕೌನ್ಸೆಲಿಂಗ್ ಸಿಗುತ್ತಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಖಾಸಗಿ ಇನ್ಶೂರೆನ್ಸ್ ಇದ್ದರೆ, ದೇಹದ ಕಾಯಿಲೆಯಂತೆ ಮನಸ್ಸಿನದಕ್ಕೂ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಅಡ್ಮಿಟ್ ಆದರಷ್ಟೇ ಹಣ; ಮೊದಲೇ ವಿಚಾರಿಸಿ.

ಮನೆಕೆಲಸಕ್ಕೆ ಹೋಗುವ ನಮ್ಮ ಸದಸ್ಯೆಯರಿಗೆ ಇ.ಎಸ್.ಐ. ಇಲ್ಲ. ಅವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ನಡುರಾತ್ರಿಯಾದರೂ ಸರಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.