ಹಳೆಯ ತಟ್ಟೆ, ಅಳಿಯದ ನಾದ

ಪ್ರಾಚೀನ ಕಾವ್ಯವೊಂದರ ಓಲೆಗರಿಯ ಪ್ರತಿ ಕೈಗೆ ಬಂದಾಗ ಅದನ್ನು ಸಂಪಾದಿಸುವ ವಿದ್ವಾಂಸರ ಮುಂದೆ ಎರಡು ಬಗೆಯ ಗುರುತುಗಳಿರುತ್ತವೆ. ಕೆಲವು ಕವಿಯ ಅಕ್ಷರಗಳು. ಕೆಲವು ಹುಳು ಕೊರೆದ ರಂಧ್ರಗಳು, ಲಿಪಿಕಾರನ ಕೈತಪ್ಪುಗಳು. ಇವನ್ನು ಬೇರ್ಪಡಿಸುವುದೇ ಗ್ರಂಥಸಂಪಾದನೆಯ ತಿರುಳು. ಕನ್ನಡದ ಓದುಗರಿಗೆ ಪರಿಚಿತವಾದ ಈ ಸಂಕಟ, ಪಾಶ್ಚಾತ್ಯ ಸಂಗೀತದ ಹಳೆಯ ಧ್ವನಿಮುದ್ರಣಗಳನ್ನು ಶೋಧಿಸಿ ಮರಳಿ ಹೊರತರುವವರಿಗೂ ಉಂಟು. ಆ ಕೆಲಸಕ್ಕೆ ರೀಮಾಸ್ಟರಿಂಗ್ ಎಂದು ಹೆಸರು. ಅದರ ಸ್ವರೂಪವನ್ನು ಒಂದೇ ಉದಾಹರಣೆಯಿಂದ ವಿವರಿಸಬಯಸುತ್ತೇನೆ.

ಗುಸ್ಟಾವ್ ಮಾಹ್ಲರ್ ರೊಮ್ಯಾಂಟಿಕ್ ಯುಗದ ಕೊನೆಯ ದೊಡ್ಡ ಸಿಂಫನಿಕಾರರಲ್ಲಿ ಒಬ್ಬ. ತನ್ನ ಒಂಬತ್ತನೆಯ ಸಿಂಫನಿಯನ್ನು ಬರೆದು ಮುಗಿಸಿದರೂ ಅದನ್ನು ಕೇಳುವ ಭಾಗ್ಯ ಅವನಿಗಿರಲಿಲ್ಲ, 1911ರಲ್ಲಿ ತೀರಿಕೊಂಡ. ಮರುವರ್ಷ ವಿಯೆನ್ನಾದಲ್ಲಿ ಅದರ ಪ್ರಥಮ ಪ್ರಯೋಗವನ್ನು ನಡೆಸಿದವನು ಅವನ ಶಿಷ್ಯಪ್ರಾಯನಾದ ಬ್ರೂನೋ ವಾಲ್ಟರ್. ಅದೇ ವಾಲ್ಟರ್ 1938ರ ಜನವರಿ 16ರಂದು ಅದೇ ನಗರದಲ್ಲಿ, ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ಆ ಕೃತಿಯನ್ನು ಮತ್ತೆ ನಡೆಸಿದಾಗ, ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ಸಭಿಕರ ಸಮ್ಮುಖದಲ್ಲೇ ಅದನ್ನು ಮುದ್ರಿಸಿಕೊಂಡರು. ಆ ಸಿಂಫನಿ ಮೊತ್ತಮೊದಲು ತಟ್ಟೆಗೆ ಇಳಿದದ್ದು ಹೀಗೆ. ಏರ್ಪಾಡಿನ ಹೊಣೆ ಹೊತ್ತವನು ಫ್ರೆಡ್ ಗೈಸ್‌ಬರ್ಗ್. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡು ಹೋದ ಅದೇ ಗೈಸ್‌ಬರ್ಗ್.

ಅಂದಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ನಾಲ್ಕು, ನಾಲ್ಕೂವರೆ ನಿಮಿಷದ ಸಂಗೀತ ಮಾತ್ರ. ಕಛೇರಿಯನ್ನು ನಡುವೆ ನಿಲ್ಲಿಸುವಂತಿಲ್ಲ. ಆದ್ದರಿಂದ ಒಂದು ಯಂತ್ರದ ಮೇಣದ ಬಿಲ್ಲೆ ಮುಗಿಯುತ್ತ ಬಂದಂತೆ ಇನ್ನೊಂದು ಯಂತ್ರ ಕೊರೆಯತೊಡಗಬೇಕು. ಸುಮಾರು 70 ನಿಮಿಷಗಳ ಸಿಂಫನಿ ಹೀಗೆ 10 ತಟ್ಟೆಗಳ 20 ಮುಖಗಳಲ್ಲಿ ಹಂಚಿಹೋಯಿತು. ಮೇಣದಿಂದ ಲೋಹದ ಅಚ್ಚು, ಅಚ್ಚಿನಿಂದ ಅರಗಿನ ತಟ್ಟೆ. ನಮ್ಮ ಕೈಗೆ ಬಂದಿರುವುದು ಪ್ರತಿಯ ಪ್ರತಿ.

ಶೋಧಕನ ಮೊದಲ ಕೆಲಸ ಸವೆಯದ ಪ್ರತಿಯನ್ನು ಹುಡುಕುವುದು. ಬೇರೆಬೇರೆ ದಪ್ಪದ ಮುಳ್ಳುಗಳನ್ನಿಟ್ಟು, ಹಳೆಯ ಉಕ್ಕಿನ ಮುಳ್ಳುಗಳು ಉಜ್ಜದೆ ಬಿಟ್ಟ ಭಾಗವನ್ನು ತಟ್ಟೆಯ ಗೆರೆಯ ಗೋಡೆಯಲ್ಲಿ ಪತ್ತೆ ಹಚ್ಚುತ್ತಾನೆ. ಆಮೇಲೆ ಶ್ರುತಿಯ ನಿರ್ಣಯ. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆ ನಾಲ್ಕೂವರೆ ಸುತ್ತು ಕಡಿಮೆ ತಿರುಗಿದರೆ ಸಾಕು, ಇಡೀ ವಾದ್ಯವೃಂದ ಹಾರ್ಮೋನಿಯಂನ ಒಂದು ಮನೆಯಷ್ಟು ಕೆಳಕ್ಕೆ ಇಳಿದುಬಿಡುತ್ತದೆ. ಮಂದ್ರಸ್ವರಗಳ ಬಳುಕಿಗೆ ಪಕ್ಕದ ಗೆರೆಗಳು ಒಂದನ್ನೊಂದು ತಾಗದಿರಲೆಂದು ಕೊರೆಯುವಾಗಲೇ ಅವನ್ನು ತಗ್ಗಿಸಿರುತ್ತಾರೆ. ಅವನ್ನು ಮತ್ತೆ ಎತ್ತಿ ನಿಲ್ಲಿಸಬೇಕು. ಚಟ್ ಎನ್ನುವ ಗೀರಿನ ಸದ್ದು ಇರುವುದು ಸೆಕೆಂಡಿನ ಕೆಲವು ಸಾವಿರದ ಒಂದಂಶದಷ್ಟು ಕಾಲ. ಅದನ್ನು ಕಿತ್ತು, ಅಕ್ಕಪಕ್ಕದ ಸಂಗೀತದ ಆಧಾರದಿಂದ ಗಣಕಯಂತ್ರ ಆ ಬಿರುಕನ್ನು ತುಂಬುತ್ತದೆ. ಸಂಪಾದಕನ ಊಹಾಪಾಠದಂತೆ ಎನ್ನಬಹುದು.

ನಿಜವಾದ ತೊಡಕು ಇರುವುದು ಮುದ್ರಣದುದ್ದಕ್ಕೂ ಹಿಂಬಾಲಿಸುವ ಸುಯ್ಯೆಂಬ ಸದ್ದಿನಲ್ಲಿ. ಇದು ಗೀರಿನಂತೆ ಒಂದೆಡೆ ನಿಲ್ಲದು. ಪಿಟೀಲಿನ ಕಮಾನು ತಂತಿಯನ್ನು ಸವರುವ ಮೆಲುದನಿ, ಸಭಾಂಗಣದ ಅನುರಣನ, ಎಲ್ಲವೂ ಈ ಸದ್ದಿನೊಡನೆ ಒಂದೇ ಮನೆಯಲ್ಲಿ ವಾಸಿಸುತ್ತವೆ. ಸಂಗೀತ ಆರಂಭವಾಗುವುದಕ್ಕೆ ಮುಂಚಿನ ಗೆರೆಯಿಂದ ಸದ್ದಿನ ಮಾದರಿಯನ್ನು ತೆಗೆದುಕೊಂಡು, ಅದನ್ನು ಇಡೀ ಮುದ್ರಣದಿಂದ ಕಳೆಯುವ ಉಪಾಯ ಈಗ ಸುಲಭಸಾಧ್ಯ. ಕಹಳೆಗಳು ಮೊಳಗುವೆಡೆ ಅದರಿಂದ ಹಾನಿ ಕಡಿಮೆ. ಆದರೆ ಮಾಹ್ಲರನ ಈ ಸಿಂಫನಿ ಮುಗಿಯುವುದು ಕಹಳೆಯಿಂದಲ್ಲ. ಕೊನೆಯ ಪುಟದಲ್ಲಿ ತಂತಿವಾದ್ಯಗಳು ಮಾತ್ರ ಉಳಿದು, ಸ್ವರ ಸ್ವರವಾಗಿ ಕ್ಷೀಣಿಸಿ, ದೀಪ ನಂದುವಂತೆ ನಂದುತ್ತವೆ. ಸ್ವರಲಿಪಿಯಲ್ಲಿ ಅವನು ಬರೆದಿರುವ ಜರ್ಮನ್ ಸೂಚನೆಯ ಅರ್ಥವೂ ಅದೇ. ಅಲ್ಲಿ ಸಂಗೀತ ತಟ್ಟೆಯ ಸದ್ದಿನ ಮಟ್ಟಕ್ಕೆ ಇಳಿದಿರುತ್ತದೆ. ಸದ್ದನ್ನು ಪೂರ್ತಿ ಅಳಿಸಿದರೆ ಅದರೊಡನೆ ಮಾಹ್ಲರನೂ ಅಳಿಸಿಹೋಗುತ್ತಾನೆ.

ಸಭಿಕರ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆಗಳೂ ಈ ಮುದ್ರಣದಲ್ಲಿವೆ. ಇವು ಕೊಳೆಯೆ? ಆ ಕಛೇರಿ ನಡೆದು ಎಂಟು ವಾರ ತುಂಬುವ ಮೊದಲೇ, ಮಾರ್ಚ್ 12ರಂದು, ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ಹೊಕ್ಕಿತು. ಯೆಹೂದಿಯಾದ ವಾಲ್ಟರ್ ದೇಶಭ್ರಷ್ಟನಾದ. ವಾದ್ಯವೃಂದದ ಮುಂಚೂಣಿಯಲ್ಲಿ ಪಿಟೀಲು ಹಿಡಿದು ಕುಳಿತಿದ್ದ ಆರ್ನಾಲ್ಡ್ ರೋಜೆ ಮಾಹ್ಲರನ ತಂಗಿಯ ಗಂಡ. 1881ರಿಂದ ಆ ಪೀಠದಲ್ಲಿದ್ದವನು. ಅವನನ್ನು ಹೊರಹಾಕಿದರು, ಲಂಡನ್ ಸೇರಿ 1946ರಲ್ಲಿ ಅಲ್ಲೇ ಕಾಲವಾದ. ಅವನ ಮಗಳು, ಪಿಟೀಲುವಾದಕಿ ಆಲ್ಮಾ, 1944ರಲ್ಲಿ ಆಶ್ವಿಟ್ಸ್‌ನಲ್ಲಿ ಸತ್ತಳು. ಹೀಗಿರುವಾಗ ಆ ಕೆಮ್ಮು ಚದುರಿಹೋಗಲಿದ್ದ ಒಂದು ಸಹೃದಯ ಸಮಾಜದ ಉಸಿರು. ಕಿವಿಗೆ ಹಿತವಾಗಲೆಂದು ಅದನ್ನು ತೆಗೆದುಹಾಕುವುದು ಶಾಸನಕ್ಕೆ ಸುಣ್ಣ ಬಳಿದಂತೆ.

ಅತಿಸೂಕ್ಷ್ಮ ಶ್ರವಣವೆಂದು ಇಂದು ಪ್ರಚಾರವಾಗುತ್ತಿರುವುದರ ಬಗೆಗೂ ಒಂದು ಮಾತು. ಸಿಡಿ ತಟ್ಟೆ ನಾದವನ್ನು ಸೆಕೆಂಡಿಗೆ 44,100 ಸಲ ಅಳೆದಿಡುತ್ತದೆ. ಈಗ 96,000 ಸಲವೂ ಅದಕ್ಕಿಂತ ಹೆಚ್ಚಾಗಿಯೂ ಅಳೆಯುತ್ತಾರೆ. ಆದರೆ 1938ರ ಮೈಕ್ರೊಫೋನು ಹಿಡಿಯದೆ ಬಿಟ್ಟ ಸ್ವರವನ್ನು ಯಾವ ಅಳತೆಯೂ ಹುಟ್ಟಿಸಲಾರದು. ಪ್ರಯೋಜನ ಬೇರೆಡೆ ಇದೆ. ಅಳತೆ ಸೂಕ್ಷ್ಮವಾದಷ್ಟೂ ಗೀರಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ, ನೆರೆಯ ಸ್ವರಕ್ಕೆ ಗಾಯವಾಗದಂತೆ ಅದನ್ನು ಕೀಳಬಹುದು. ತಿದ್ದುಪಡಿಯ ಮೇಲೆ ತಿದ್ದುಪಡಿ ಮಾಡುವಾಗ ಲೆಕ್ಕದ ತಪ್ಪುಗಳು ಬೆಳೆಯುವುದಿಲ್ಲ. ಇದು ಸಂಪಾದಕನ ಕೈಯ ಭೂತಗನ್ನಡಿಯೇ ಹೊರತು ಕವಿಯ ಲೇಖನಿಯಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಗೀರುಗಳು ಹೋಗಲಿ, ಶ್ರುತಿ ಸರಿಯಾಗಲಿ, 20 ಮುಖಗಳು ಬೆಸುಗೆ ಕಾಣದಂತೆ ಕೂಡಲಿ. ಆದರೆ ಕೊನೆಯ ಪುಟದ ಕೆಳಗೆ ಸುಯ್ಯೆನ್ನುವ ಆ ತೆಳುಪರದೆ ಹಾಗೆಯೇ ಇರಲಿ. ಮಾಡಿದ ತಿದ್ದುಪಡಿಗಳನ್ನು ಶೋಧಕ ಪೀಠಿಕೆಯಲ್ಲಿ ಒಪ್ಪಿಸಲಿ; ತಿದ್ದದ ಮೂಲಪಾಠವನ್ನು ಮುಂದಿನವರಿಗಾಗಿ ಕಾದಿರಿಸಲಿ. ಹಳೆಯ ಸಿಂಫನಿಯೊಂದರ ಹೊಸ ಆವೃತ್ತಿ ತಮ್ಮ ಕೈಗೆ ಬಂದರೆ, ಅಬ್ಬರದ ಭಾಗವನ್ನು ಕೇಳಿ ಬೆಲೆಕಟ್ಟಬೇಡಿ. ಅತಿ ಮೆಲ್ಲನೆಯ ಭಾಗವನ್ನು ಹಾಕಿ ಕೇಳಿ. ಅಲ್ಲಿ ಸಭಾಂಗಣದ ಉಸಿರು ಕೇಳಿಸಿದರೆ, ಶೋಧಕ ತನ್ನ ಕೆಲಸ ಬಲ್ಲವನೆಂದು ತಿಳಿಯಬಹುದು.