ಮಿದುಳಿನ ಬರೆಹಕ್ಕೆ ಹೃದಯದ ಸಾಲು



ನಿಂತ ಮನುಷ್ಯನು ನಿಂತಲ್ಲಿಯೇ ಕುಸಿದು, ಕೈಕಾಲು ಸೆಟೆದು, ಕೆಲವು ಗಳಿಗೆಯ ಮೇಲೆ ಎದ್ದು ಕುಳಿತನೆಂದರೆ, ಭಾಲ್ಕಿಯ ಸಂತೆಯಲ್ಲಾಗಲಿ ಔರಾದದ ಹೊಲದಲ್ಲಾಗಲಿ ನೋಡಿದವರು ಆಡುವ ಮಾತು ಒಂದೇ: 'ಮೂರ್ಛೆರೋಗ'. ಅವನನ್ನು ಬೀಳಿಸಿದುದು ಮಿದುಳೋ ಹೃದಯವೋ ಎಂದು ಕೇಳುವವರು ವಿರಳ. ಮಿದುಳಿನ ಅಲೆಗಳನ್ನು ಬರೆಯುವ ಇ.ಇ.ಜಿ. ಯಂತ್ರಕ್ಕೆ ಹೃದಯದ ಒಂದು ಸಾಲನ್ನು ಸೇರಿಸಿದರೆ ಈ ಪ್ರಶ್ನೆಗೆ ಎಷ್ಟು ನೆರವಾಗುವುದೆಂಬುದನ್ನು ಇಂದು ವಿಚಾರಮಾಡೋಣ.

ಪ್ರಶ್ನೆಯು ಸಣ್ಣದಲ್ಲ. ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರಿನ ಸುತ್ತ 1,02,557 ಜನರನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಅಪಸ್ಮಾರವು ಸಾವಿರಕ್ಕೆ 8.8 ಮಂದಿಯಲ್ಲಿದ್ದಿತು, ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ಈ ರೋಗದ ಹೆಸರು ಹತ್ತಿದವನ ಪಾಡನ್ನು ನಾವೆಲ್ಲ ಬಲ್ಲೆವು. ಹಿಂದೂ ವಿವಾಹ ಕಾನೂನಿನಲ್ಲಿಯೇ 1999ರ ತಿದ್ದುಪಡಿಯವರೆಗೆ ಅಪಸ್ಮಾರವು ಮದುವೆಗೆ ಅಡ್ಡಿಯೆಂದು ಬರೆದಿದ್ದಿತು. ಕಾನೂನು ಬದಲಾಯಿತು, ಮನೆಮನೆಯ ಮಾತು ಬದಲಾಗಿಲ್ಲ. ಇಲ್ಲದ ರೋಗದ ಹೆಸರನ್ನು ಹೊರುವುದು ಒಂದು ಅನ್ಯಾಯ. ಹೃದಯವು ತಡೆತಡೆದು ನಿಲ್ಲುತ್ತಿರುವವನು ವರ್ಷಗಟ್ಟಲೆ ಮಿದುಳಿನ ಗುಳಿಗೆಯನ್ನು ನುಂಗುತ್ತಿರುವುದು ಪ್ರಾಣಾಪಾಯ.

ಹಾಲೆಂಡಿನ ಐಂಥೋವನ್ ಮಹಾಶಯನು ಹೃದಯದ ವಿದ್ಯುತ್-ಬರೆಹದ ಕಾರ್ಯವಿಧಾನವನ್ನು ಕಂಡುಹಿಡಿದುದಕ್ಕಾಗಿ 1924ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಅದೇ ವರ್ಷ ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬರ್ಗರನು ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲಬಾರಿಗೆ ಹಿಡಿದನು, ಪ್ರಕಟಿಸಿದುದು 1929ರಲ್ಲಿ. ಕಂಡದ್ದು ಮಿದುಳಿನದೇ ಹೊರತು ಹೃದಯದ್ದಲ್ಲವೆಂದು ಖಚಿತಮಾಡಿಕೊಳ್ಳಲು ಅವನು ಹೃದಯದ ಸಾಲನ್ನೂ ಜೊತೆಗೇ ಬರೆಯಿಸಿದ್ದನು. ಆದುದರಿಂದ ಈ ಸಾಲು ಹೊಸ ಅಲಂಕಾರವಲ್ಲ; ಮಿದುಳಿನ ಬರೆಹದೊಡನೆಯೇ ಹುಟ್ಟಿದ ಎಚ್ಚರಿಕೆ.

ಆ ಸಂಶಯಕ್ಕೆ ಕಾರಣವುಂಟು. ತಲೆಯ ಚರ್ಮದ ಮೇಲೆ ಮಿದುಳಿನ ಅಲೆಯು ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟು; ಎದೆಯ ಮೇಲೆ ಹೃದಯದ ಬಡಿತವು ಸುಮಾರು 1000 ಮೈಕ್ರೋವೋಲ್ಟು. ಪಿಸುಮಾತಿನ ಪಕ್ಕದಲ್ಲಿ ಹಿಟ್ಟಿನ ಗಿರಣಿ ನಡೆದಂತೆ, ಹೃದಯದ ಸದ್ದು ಮಿದುಳಿನ ಸಾಲಿಗೂ ನುಗ್ಗುತ್ತದೆ. ಕುತ್ತಿಗೆ ಗಿಡ್ಡವಾದ ಸ್ಥೂಲಕಾಯದವರಲ್ಲಿ ಇದು ಹೆಚ್ಚು. ಆ ಮೊನಚುಗಳನ್ನು ಅಪಸ್ಮಾರದ ಮೊನಚುಗಳೆಂದು ಭ್ರಮಿಸುವುದು ಸುಲಭ. ಕೆಳಗೆ ಹೃದಯದ ಸಾಲಿದ್ದರೆ ಭ್ರಮೆಗೆ ಎಡೆಯಿಲ್ಲ: ಮೇಲಿನ ಮೊನಚು ಕೆಳಗಿನ ಬಡಿತಕ್ಕೆ ಪ್ರತಿಬಾರಿಯೂ ನೇರವಾಗಿ ನಿಂತರೆ, ಅದು ಹೃದಯದ್ದೇ ಸರಿ.

ಇನ್ನೂ ದೊಡ್ಡ ಪ್ರಯೋಜನವೊಂದುಂಟು. ಬರೆಯುತ್ತಿರುವಾಗಲೇ ರೋಗಿಯು ಎಚ್ಚರದಪ್ಪಿದನೆನ್ನಿ. ಹೃದಯದ ಸಾಲು ಮೊದಲು ನಿಂತು, ಕೆಲವು ಸೆಕೆಂಡುಗಳ ಬಳಿಕ ಮಿದುಳಿನ ಅಲೆಗಳು ನಿಧಾನವಾಗಿ, ಆಮೇಲೆ ಸಪಾಟಾದರೆ, ದೋಷವು ಹೃದಯದಿಂದ ಹೊರಟಿತು. ಮಿದುಳಿನಲ್ಲಿ ಅಪಸ್ಮಾರದ ಬಿರುಗಾಳಿ ಮೊದಲೆದ್ದು ಅನಂತರ ಹೃದಯವು ತಡೆದರೆ, ಮೂಲವು ಮಿದುಳಿನಲ್ಲಿದೆ. ವಿರಳವಾದರೂ ಇದೂ ಸಂಭವಿಸುವುದುಂಟು. ಯಾವುದು ಮೊದಲು ಎಂಬುದೇ ಇಲ್ಲಿ ತೀರ್ಪು. ಆ ತೀರ್ಪಿಗೆ ಎರಡು ಸಾಲುಗಳೂ ಒಂದೇ ಗಡಿಯಾರಕ್ಕೆ ನಡೆಯಬೇಕು. ಹೃದಯದ ಯಂತ್ರವನ್ನು ಬೇರೆ ದಿನ ಬೇರೆ ಕೋಣೆಯಲ್ಲಿ ನಡೆಸಿದರೆ ಈ ಪ್ರಶ್ನೆಗೆ ಉತ್ತರ ಸಿಕ್ಕದು.

ಸೇರಿಸುವ ಬಗೆ ಕಠಿನವಲ್ಲ. ಬಹಳ ಯಂತ್ರಗಳಲ್ಲಿ ಇದಕ್ಕೆಂದೇ ಬಿಡಿ ಚಾನಲು ಇರುತ್ತದೆ. ಬಲ ಕೊರಳೆಲುಬಿನ ಕೆಳಗೆ ಒಂದು, ಎಡ ಪಕ್ಕೆಯ ಮೇಲೆ ಒಂದು, ಹೀಗೆ ಎರಡು ಎಲೆಕ್ಟ್ರೋಡುಗಳು ಸಾಕು. ಅಳತೆಯನ್ನು ಮಾತ್ರ ಬದಲಿಸಬೇಕು. ಮಿದುಳಿನ ಸಾಲನ್ನು ಮಿಲಿಮೀಟರಿಗೆ 7 ಮೈಕ್ರೋವೋಲ್ಟಿನಂತೆ ಬರೆಯುವುದು ವಾಡಿಕೆ. ಹೃದಯವನ್ನೂ ಹಾಗೆಯೇ ಬರೆದರೆ ಒಂದೊಂದು ಬಡಿತವೂ 14 ಸೆಂಟಿಮೀಟರ್ ಹಾರಿ ನೆರೆಯ ಸಾಲುಗಳನ್ನೆಲ್ಲ ಕೆಡಿಸುವುದು. ಮಿಲಿಮೀಟರಿಗೆ 100 ಮೈಕ್ರೋವೋಲ್ಟಿಗೆ ಇಳಿಸಿದರೆ ಬಡಿತವು ಒಂದು ಸೆಂಟಿಮೀಟರಿನಲ್ಲಿ ಅಡಗುತ್ತದೆ. ರೋಗಿಯ ಮೈಗೆ ಎರಡು ಕಡೆಯಿಂದ ಅರ್ತಿಂಗ್ ಕೊಡಲಾಗದು. ಬೀದರಿನಲ್ಲಿಯೂ ಭಾಲ್ಕಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಇಂಥ ಯಂತ್ರವನ್ನು ಕಟ್ಟಿನೋಡುವ ಉತ್ಸಾಹಿ ತರುಣರು ಬ್ಯಾಟರಿಯಿಂದಲೇ ನಡೆಯಿಸಲಿ, ಗೋಡೆಯ ಕರೆಂಟಿಗೆ ಜೋಡಿಸಿದ ಯಾವ ತಂತಿಯನ್ನೂ ಮನುಷ್ಯನ ಎದೆಗೆ ತಾಗಿಸದಿರಲಿ.

ಈ ಒಂದು ಸಾಲು ಹೃದಯದ ತಾಳವನ್ನು ಮಾತ್ರ ಹೇಳುತ್ತದೆ. ಹೃದಯಾಘಾತವನ್ನು ಅರಿಯಲು ಹನ್ನೆರಡು ಲೀಡಿನ ಪೂರ್ಣ ಇ.ಸಿ.ಜಿ.ಯೇ ಬೇಕು. ಮಿದುಳಿನ ಬರೆಹವು ಸರಿಯಾಗಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲವೆಂದೂ ಹೇಳಲಾಗದು.

ಬೆಂಗಳೂರು ನಮ್ಮ ಬೀದರಿನಿಂದ ಸುಮಾರು 700 ಕಿಲೋಮೀಟರು. ಔರಾದದ ಕೂಲಿಕಾರನೊಬ್ಬನು ಕೂಲಿ ಬಿಟ್ಟು, ಸಾಲ ಮಾಡಿ, ಒಂದು ಬಾರಿ ಪರೀಕ್ಷೆಗೆ ಬರುತ್ತಾನೆ. ಎರಡನೆಯ ಬಾರಿ ಬರುವನೆಂಬ ಭರವಸೆಯಿಲ್ಲ. ಅವನು ತಲೆಗೆ ತಂತಿ ಹಚ್ಚಿಸಿಕೊಂಡು ಮಲಗಿರುವ ಆ ಅರ್ಧ ಗಂಟೆಯಲ್ಲಿ ಹೃದಯದ ಮಾತನ್ನೂ ಕೇಳಿಬಿಡುವುದು ವಿವೇಕ, ನ್ಯಾಯವೂ ಹೌದು. ನಿಮ್ಮ ಮನೆಯವರನ್ನು ಈ ಪರೀಕ್ಷೆಗೆ ಕರೆದೊಯ್ದಾಗ, 'ಹೃದಯದ ಸಾಲನ್ನೂ ಹಾಕಿರುವಿರಾ?' ಎಂದು ವಿನಯದಿಂದ ಕೇಳಿರಿ. ಬಿದ್ದಾಗ ಮುಖ ಬಿಳಿಚಿತೋ, ನಾಡಿ ಹೇಗಿತ್ತು, ಎಷ್ಟು ಹೊತ್ತಿಗೆ ಎಚ್ಚರವಾಯಿತು, ಇವನ್ನು ಕಂಡಂತೆಯೇ ವೈದ್ಯರಿಗೆ ಹೇಳಿರಿ. ಯಂತ್ರವು ಬರೆಯುವುದು ಅರ್ಧ ಗಂಟೆಯನ್ನು. ಉಳಿದ ದಿನಗಳಿಗೆ ನೀವೇ ಸಾಕ್ಷಿ.