ಟೋಪಿಯ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ

(ಕರ್ಕಿಯಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಮುಂದಿರುವ ದಾರಿಗಳ ಕುರಿತು ಮಾತನಾಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದಾರೆ. ವೈದ್ಯಕೀಯ, ಇಂಜಿನಿಯರಿಂಗ್, ವಾಣಿಜ್ಯ ಇವುಗಳ ಬಗ್ಗೆ ನಮ್ಮ ಸಭೆಗಳಲ್ಲಿ ಮಾತಿಗೆ ಬರವಿಲ್ಲ. ಕೊಲ್ಲಿ ರಾಷ್ಟ್ರಗಳ ಉದ್ಯೋಗದ ಬಗ್ಗೆಯಂತೂ ಹೊನ್ನಾವರ, ಭಟ್ಕಳ, ಕುಮಟಾಗಳ ಮನೆಮನೆಗೂ ಗೊತ್ತು. ಹಾಗಾಗಿ ನಮ್ಮಲ್ಲಿ ಅಪರೂಪಕ್ಕೂ ಚರ್ಚೆಯಾಗದ ವಿಷಯವೊಂದನ್ನು ನಾವಿಂದು ಎತ್ತಿಕೊಳ್ಳುತ್ತೇವೆ. ಅದು ದೇಶದ ಸೇನೆಯಲ್ಲಿ ಅಧಿಕಾರಿಯಾಗುವ ವಿಷಯ.

ನಮ್ಮ ಮಕ್ಕಳಲ್ಲಿ ಈ ಆಸೆಯೇ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಸಭೆಗೆ ಮುಂಚೆ ವಿದ್ಯಾರ್ಥಿಗಳು ಬರೆದುಕೊಟ್ಟ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಅಧಿಕಾರಿಯಾದರೆ ಪ್ಯಾರಾ ಕಮಾಂಡೊ ಆಗುವುದು ಒಳ್ಳೆಯದೋ, ನೌಕಾಪಡೆಯ ಮಾರ್ಕೋಸ್ ಸೇರುವುದು ಒಳ್ಳೆಯದೋ? ಸಿನಿಮಾ ನೋಡಿ ಹುಟ್ಟಿದ ಪ್ರಶ್ನೆಯೆಂದು ಹಿರಿಯರು ನಕ್ಕು ಸುಮ್ಮನಾಗಬಹುದು. ಆದರೆ ಅದರ ಹಿಂದೆ ಒಂದು ಹಂಬಲವಿದೆ. ಸರಿಯಾದ ಮಾಹಿತಿ ಸಿಗದ ಹಂಬಲ ಬಹುಕಾಲ ಬಾಳುವುದಿಲ್ಲ. ಆದ್ದರಿಂದ ಅದಕ್ಕೆ ಉತ್ತರಿಸುವುದು ನಮ್ಮ ಕರ್ತವ್ಯವಾಗಿದೆ.

ಭೂಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆಯನ್ನು ಜನ ಪ್ಯಾರಾ ಕಮಾಂಡೊ ಎಂದು ಕರೆಯುತ್ತಾರೆ. ಆ ರೆಜಿಮೆಂಟಿನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ. ನೌಕಾಪಡೆಯ ಮಾರ್ಕೋಸ್ 1987ರಲ್ಲಿಯೂ ವಾಯುಪಡೆಯ ಗರುಡ್ 2004ರಲ್ಲಿಯೂ ರೂಪುಗೊಂಡವು. 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭದ್ರತಾ ದಳಕ್ಕೆ ಸೇನಾಧಿಕಾರಿಗಳು ಎರವಲು ಸೇವೆಯ ಮೇಲೆ ಹೋಗುತ್ತಾರೆ. ಇವುಗಳಲ್ಲಿ ಯಾವುದೂ ಪರೀಕ್ಷೆ ಬರೆದ ಕೂಡಲೇ ದೊರೆಯುವ ಹುದ್ದೆಯಲ್ಲ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಅರಿಯಬೇಕು.

ಮೊದಲ ಆಯ್ಕೆ ಭೂಸೇನೆಯೋ, ನೌಕಾಪಡೆಯೋ, ವಾಯುಪಡೆಯೋ ಎಂಬುದು. ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಅಂದರೆ ಎನ್.ಡಿ.ಎ. ಪರೀಕ್ಷೆಯಲ್ಲಿ ಈ ಆದ್ಯತೆಯನ್ನು ಅಭ್ಯರ್ಥಿಯೇ ತಿಳಿಸಬೇಕು. ನೌಕಾಪಡೆಯನ್ನು ಆರಿಸಿಕೊಂಡವನಿಗೆ ಮಾರ್ಕೋಸ್‌ನ ದಾರಿ ಇರುತ್ತದೆ, ಪ್ಯಾರಾದ ದಾರಿ ಇರುವುದಿಲ್ಲ. ಭೂಸೇನೆಯನ್ನು ಆರಿಸಿಕೊಂಡವನು ಡೆಹ್ರಾಡೂನಿನ ಅಕಾಡೆಮಿಯಲ್ಲಿ ಕೊನೆಯ ಹಂತದ ತರಬೇತಿ ಪಡೆಯುವಾಗ ತನಗೆ ಬೇಕಾದ ರೆಜಿಮೆಂಟುಗಳ ಪಟ್ಟಿ ಕೊಡುತ್ತಾನೆ. ಅಲ್ಲಿ ಅವನ ಇಚ್ಛೆಯ ಜೊತೆಗೆ ಅಂಕಗಳ ಶ್ರೇಣಿಯನ್ನೂ ಖಾಲಿ ಇರುವ ಸ್ಥಾನಗಳನ್ನೂ ನೋಡಲಾಗುತ್ತದೆ. ತಂದೆ ಸೇವೆ ಸಲ್ಲಿಸಿದ ರೆಜಿಮೆಂಟಿನ ಮೇಲೆ ಮಗನಿಗೆ ಒಂದು ಬಗೆಯ ಹಕ್ಕಿರುವುದೂ ಉಂಟು. ಮನೆಯಲ್ಲಿ ಸೈನಿಕ ಪರಂಪರೆ ಇಲ್ಲದ ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ. ಅವರು ಶ್ರೇಣಿಯಿಂದಲೇ ಅದನ್ನು ಗಳಿಸಬೇಕು. ಇನ್ನು ವಿಶೇಷ ಪಡೆಗೆ ಸ್ವಯಂಪ್ರೇರಣೆಯಿಂದ ಮುಂದೆ ಬಂದವರನ್ನು ಕಠಿಣವಾದ ಪರೀಕ್ಷಾವಧಿಯಲ್ಲಿ ಸೋಸಿ ನೋಡುತ್ತಾರೆ. ಬಹುಪಾಲು ಮಂದಿ ಅದರಲ್ಲಿ ಉಳಿಯುವುದಿಲ್ಲ. ತಮ್ಮ ಮೂಲ ಘಟಕಕ್ಕೆ ಮರಳಿ ಗೌರವದಿಂದ ಸೇವೆ ಮುಂದುವರಿಸುತ್ತಾರೆ.

ಹಾಗಿರುವಾಗ, ಘಟಕ ದೊಡ್ಡದಾದರೆ ಅಧಿಕಾರಿಯೂ ದೊಡ್ಡವನಾಗುತ್ತಾನೆಯೇ? ಇತಿಹಾಸ ಹೇಳುವುದು ಬೇರೆಯೇ.

ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್‌ರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ಅವರು ಬಲೂಚ್ ರೆಜಿಮೆಂಟಿನ ಅಧಿಕಾರಿಯಾಗಿದ್ದರು. 1947ರಲ್ಲಿ ದೇಶ ವಿಭಜನೆಯಾದಾಗ ಆ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ತಾನು ಬೆಳೆದ ಘಟಕದೊಂದಿಗೆ ಹೋಗುವುದೋ, ತಾನು ಹುಟ್ಟಿದ ದೇಶದಲ್ಲಿ ಉಳಿಯುವುದೋ ಎಂಬ ಪ್ರಶ್ನೆ ಅವರ ಮುಂದಿತ್ತು. ಅವರು ದೇಶವನ್ನು ಆರಿಸಿಕೊಂಡರು, ಘಟಕವನ್ನು ಕಳೆದುಕೊಂಡರು. ಡೋಗ್ರಾ ರೆಜಿಮೆಂಟಿಗೆ ವರ್ಗವಾದ ಅವರು ಮುಂದೆ 50ನೇ ಪ್ಯಾರಾಶೂಟ್ ಬ್ರಿಗೇಡಿನ ನಾಯಕತ್ವ ವಹಿಸಿ ನೌಶೇರಾವನ್ನು ಉಳಿಸಿದರು, ಝಂಗರ್ ಅನ್ನು ಮರಳಿ ಪಡೆದರು. 1948ರ ಜುಲೈ 3ರಂದು, 36 ವರ್ಷ ತುಂಬಲು ಕೆಲವೇ ದಿನಗಳಿರುವಾಗ, ರಣರಂಗದಲ್ಲಿ ಪ್ರಾಣ ಕೊಟ್ಟರು. ಮಹಾವೀರ ಚಕ್ರ ಪಡೆದ ಅವರ ಸಮಾಧಿ ದೆಹಲಿಯ ಜಾಮಿಯಾ ಮಿಲ್ಲಿಯಾದ ಆವರಣದಲ್ಲಿದೆ.

ಇನ್ನೊಂದು ಹೆಸರು ಕ್ಯಾಪ್ಟನ್ ಹನೀಫುದ್ದೀನ್. 1997ರಲ್ಲಿ ಅವರಿಗೆ ಸಿಕ್ಕಿದ್ದು ಆರ್ಮಿ ಸರ್ವಿಸ್ ಕೋರ್. ಅಂದರೆ ಸೈನ್ಯಕ್ಕೆ ಆಹಾರ, ಇಂಧನ, ಸಾಮಗ್ರಿ ಸಾಗಿಸುವ ವಿಭಾಗ. ಸಿನಿಮಾದವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿಂದ ರಜಪುತಾನಾ ರೈಫಲ್ಸ್‌ನ 11ನೇ ಬೆಟಾಲಿಯನ್ನಿಗೆ ನಿಯೋಜನೆಗೊಂಡ ಅವರು 1999ರ ಜೂನ್ 6ರಂದು ತುರ್ತುಕ್ ಪ್ರದೇಶದ ಹಿಮಶಿಖರದಲ್ಲಿ ತಮ್ಮ ತುಕಡಿಯ ಮುಂದೆ ನಿಂತು ಹೋರಾಡಿ ಮಡಿದರು. ಇಪ್ಪತ್ತೈದು ತುಂಬಿರಲಿಲ್ಲ. ಅವರಿಗೆ ವೀರ ಚಕ್ರ ಸಂದಿತು. ಆ ಪ್ರದೇಶಕ್ಕೆ ಸೇನೆ ಅವರ ಹೆಸರನ್ನೇ ಇಟ್ಟಿತು. ಸಾಮಗ್ರಿ ಸಾಗಿಸುವ ವಿಭಾಗದಿಂದ ಬಂದವರೆಂದು ಅವರ ಶೌರ್ಯ ಎಳ್ಳಷ್ಟಾದರೂ ಕಡಿಮೆಯಾಯಿತೇ?

ಆದ್ದರಿಂದ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಮ್ಮ ಉತ್ತರ ಇದು. ಮರೂನ್ ಟೋಪಿ ಬೇಕೋ, ಬೇರೆ ಟೋಪಿ ಬೇಕೋ ಎಂಬುದು ಎರಡನೆಯ ಪ್ರಶ್ನೆ. ಸುಮಾರು ಮೂವತ್ತು ಸೈನಿಕರ ಜೀವದ ಹೊಣೆಯನ್ನು ಇಪ್ಪತ್ತೆರಡರ ವಯಸ್ಸಿನಲ್ಲಿ ಹೊರಲು ನೀನು ಸಿದ್ಧನೋ ಎಂಬುದು ಮೊದಲನೆಯದು. ಅದಕ್ಕೆ ಹೌದೆನ್ನುವವನು ಪ್ಯಾರಾವನ್ನು ಬಯಸಲಿ, ಸಿಗದಿದ್ದರೆ ಕುಗ್ಗದಿರಲಿ. ಇಂಜಿನಿಯರ್ಸ್, ಸಿಗ್ನಲ್ಸ್, ಫಿರಂಗಿದಳ, ವೈದ್ಯಕೀಯ ವಿಭಾಗ ಎಲ್ಲವೂ ಸೇನೆಯೇ.

ಈಗ ಪಾಲಕರ ಆತಂಕಗಳಿಗೆ ಬರೋಣ. ಅವುಗಳನ್ನು ಮುಚ್ಚಿಟ್ಟು ಕೇವಲ ಹುರಿದುಂಬಿಸುವುದು ಅಪ್ರಾಮಾಣಿಕತೆಯಾಗುತ್ತದೆ.

ಮಗ ಧಾರ್ಮಿಕ ಆಚರಣೆಯೊಂದಿಗೆ ಅಲ್ಲಿ ಬದುಕಬಲ್ಲನೇ ಎಂದು ತಾಯಂದಿರು ಕೇಳುತ್ತಾರೆ. ಘಟಕದ ಆಯ್ಕೆ ನಿಜವಾಗಿ ಮುಖ್ಯವಾಗುವುದು ಇಲ್ಲಿ. ಸಿಖ್, ಗೂರ್ಖಾ, ಮರಾಠಾ ಮೊದಲಾದ ರೆಜಿಮೆಂಟುಗಳಲ್ಲಿ ಸೈನಿಕರು ಬಹುತೇಕ ಆಯಾ ಸಮುದಾಯದವರು. ಅಧಿಕಾರಿ ಮಾತ್ರ ಯಾವ ಸಮುದಾಯದವನೂ ಆಗಿರಬಹುದು. ತನ್ನ ಸೈನಿಕರ ಧಾರ್ಮಿಕ ಸಮಾರಂಭಗಳಲ್ಲಿ ಅವರೊಂದಿಗಿರುವುದು ಅಲ್ಲಿಯ ಶಿಸ್ತಿನ ಭಾಗ. ಮಂದಿರದ ಗರ್ಭಗುಡಿಯೊಳಗೆ ಹೋಗಲು ನಿರಾಕರಿಸಿದ ಕ್ರೈಸ್ತ ಅಧಿಕಾರಿಯೊಬ್ಬರ ವಜಾವನ್ನು 2025ರಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ಅವರ ನೆರವಿಗೆ ಬರಲಿಲ್ಲ. ಗಡ್ಡದ ವಿಷಯದಲ್ಲಿ ವಾಯುಪಡೆಯ ನಿಯಮವನ್ನು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಈ ತೀರ್ಪುಗಳ ಬಗ್ಗೆ ಅಭಿಪ್ರಾಯಭೇದಗಳಿರಬಹುದು, ಚರ್ಚೆಯೂ ನಡೆಯಲಿ. ಆದರೆ ಅರ್ಜಿ ಹಾಕುವವನು ಇವುಗಳನ್ನು ತಿಳಿದೇ ಹಾಕಬೇಕು. ತನ್ನ ಮಿತಿ ಎಲ್ಲಿ ಎಂಬುದನ್ನು ತಿಳಿದವರಲ್ಲಿ ವಿಚಾರಿಸಿ, ಮನೆಯವರೊಂದಿಗೆ ಕುಳಿತು ಮೊದಲೇ ನಿರ್ಧರಿಸಿಕೊಳ್ಳಬೇಕು. ಎಲ್ಲ ಸಮುದಾಯಗಳ ಸೈನಿಕರು ಕಲೆತಿರುವ ಘಟಕಗಳೂ ಸರ್ವಧರ್ಮ ಸ್ಥಳಗಳಿರುವ ಘಟಕಗಳೂ ಇವೆ. ಆದ್ಯತೆಯ ಪಟ್ಟಿ ಬರೆಯುವಾಗ ಇದು ನೆನಪಿನಲ್ಲಿರಲಿ.

ಎರಡನೆಯದು ತಾರತಮ್ಯದ ಭಯ. 2006ರಲ್ಲಿ ಸಾಚಾರ್ ಸಮಿತಿ ಸೇನೆಯಲ್ಲಿರುವ ಮುಸ್ಲಿಮರ ಸಂಖ್ಯೆಯನ್ನು ಕೇಳಿದಾಗ ಎಷ್ಟು ಗದ್ದಲವಾಯಿತೆಂಬುದು ಹಿರಿಯರಿಗೆ ನೆನಪಿರಬಹುದು. ಸಂಖ್ಯೆ ಕೇಳುವುದು ನಾಗರಿಕರ ಹಕ್ಕು. ಆದರೆ ಅರ್ಜಿಯನ್ನೇ ಹಾಕದವರ ಸಂಖ್ಯೆ ಯಾವ ಸಮಿತಿಯ ವರದಿಯಿಂದಲೂ ಹೆಚ್ಚುವುದಿಲ್ಲ. ಇದ್ರೀಸ್ ಹಸನ್ ಲತೀಫ್ 1978ರಿಂದ 1981ರವರೆಗೆ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಝಮೀರುದ್ದೀನ್ ಶಾ ಭೂಸೇನೆಯ ಉಪಮುಖ್ಯಸ್ಥರಾಗಿ ನಿವೃತ್ತರಾದರು. ಇವರು ಅಪವಾದಗಳಾಗಿ ಉಳಿಯಬಾರದೆಂದರೆ ಸಾಲಿನಲ್ಲಿ ನಿಲ್ಲುವವರು ಹೆಚ್ಚಬೇಕು.

ಮೂರನೆಯದು ಸಾವಿನ ಭಯ. ಅದನ್ನು ಅಳಿಸುವ ಮಾತು ನಮ್ಮಲ್ಲಿಲ್ಲ. ಹನೀಫುದ್ದೀನ್‌ರ ದೇಹ ವಾರಗಟ್ಟಲೆ ಹಿಮದಲ್ಲೇ ಉಳಿದಿತ್ತು. ಅದನ್ನು ತರಲು ಮತ್ತೊಬ್ಬ ತಾಯಿಯ ಮಗನ ಪ್ರಾಣವನ್ನು ಅಪಾಯಕ್ಕೆ ಒಡ್ಡಬೇಡಿರೆಂದು ಅವರ ತಾಯಿ ಸೇನಾ ಮುಖ್ಯಸ್ಥರಿಗೆ ಹೇಳಿದರೆಂದು ವರದಿಯಾಗಿದೆ. ಎಲ್ಲ ತಾಯಂದಿರಿಂದಲೂ ಇಂತಹ ಧೈರ್ಯವನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ. ಬೇಡವೆನ್ನುವ ಹಕ್ಕು ಪಾಲಕರಿಗಿದೆ. ಆದರೆ ಬೇಡವೆನ್ನುವ ಮೊದಲು ಮಗನ ಮಾತನ್ನು ಪೂರ್ಣವಾಗಿ ಕೇಳಿರಿ.

ಕೊನೆಯದಾಗಿ ಕೆಲವು ವಿವರಗಳು. ಎನ್.ಡಿ.ಎ. ಪರೀಕ್ಷೆಯನ್ನು ಯು.ಪಿ.ಎಸ್.ಸಿ. ವರ್ಷಕ್ಕೆರಡು ಬಾರಿ ನಡೆಸುತ್ತದೆ. ತರಬೇತಿ ಆರಂಭವಾಗುವಾಗ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗಿರಬೇಕು. ದ್ವಿತೀಯ ಪಿ.ಯು.ಸಿ. ಓದುತ್ತಿರುವವರೂ ಬರೆಯಬಹುದು. ಭೂಸೇನೆಗೆ ಯಾವ ವಿಭಾಗವಾದರೂ ಸರಿ, ನೌಕಾ ಮತ್ತು ವಾಯುಪಡೆಗೆ ವಿಜ್ಞಾನ ಓದಿರಬೇಕು. ಪದವೀಧರರಿಗೆ ಸಿ.ಡಿ.ಎಸ್. ಪರೀಕ್ಷೆಯಿದೆ. ಸುಪ್ರೀಂ ಕೋರ್ಟಿನ 2021ರ ಆದೇಶದ ಬಳಿಕ ಎನ್.ಡಿ.ಎ. ಹೆಣ್ಣುಮಕ್ಕಳಿಗೂ ತೆರೆಯಿತು. ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ತೇರ್ಗಡೆಯಾದರು. ಅಕಾಡೆಮಿಯ ತರಬೇತಿ ವೆಚ್ಚವನ್ನು ಸರಕಾರವೇ ಭರಿಸುತ್ತದೆ. ಲಿಖಿತ ಪರೀಕ್ಷೆಯ ನಂತರ ಐದು ದಿನಗಳ ಸಂದರ್ಶನವಿದೆ, ಅದರ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಅಲ್ಲಿ ನೋಡುವುದು ಬಾಯಿಪಾಠವನ್ನಲ್ಲ. ಗುಂಪಿನಲ್ಲಿ ಹೇಗೆ ಮಾತನಾಡುತ್ತಾನೆ, ಇತರರ ಮಾತನ್ನು ಹೇಗೆ ಕೇಳುತ್ತಾನೆ, ಸೋತಾಗ ಹೇಗಿರುತ್ತಾನೆ ಎಂಬುದನ್ನು ನೋಡುತ್ತಾರೆ.

ಇದಕ್ಕೆ ಬೇಕಾದ ಸಿದ್ಧತೆ ಕರ್ಕಿಯಲ್ಲಿಯೇ ಆರಂಭವಾಗಬಹುದು. ಓಡಲು, ಈಜು ಕಲಿಯಲು ಕಡಲತಡಿಯ ಮಕ್ಕಳಿಗೆ ಜಾಗದ ಕೊರತೆಯಿಲ್ಲ. ಪ್ರತಿದಿನ ಪತ್ರಿಕೆ ಓದಿ ಗೆಳೆಯರೊಂದಿಗೆ ಚರ್ಚಿಸುವುದಕ್ಕೆ, ಕಾಲೇಜಿನಲ್ಲಿ ಎನ್.ಸಿ.ಸಿ. ಸೇರುವುದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಜಮಾಅತಿನ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮಸೀದಿಯ ಸೂಚನಾ ಫಲಕದಲ್ಲಿ ಈ ಪರೀಕ್ಷೆಗಳ ಅರ್ಜಿಯ ದಿನಾಂಕವನ್ನು ವರ್ಷಕ್ಕೆರಡು ಬಾರಿ ಹಾಕಿರಿ. ಇಲ್ಲಿಂದ ನೂರು ಕಿಲೋಮೀಟರಿನೊಳಗೆ, ಕಾರವಾರದ ಬಳಿ, 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯಿದೆ. ಅದಕ್ಕಾಗಿ ನಮ್ಮ ಜಿಲ್ಲೆಯ ಎಷ್ಟೋ ಕುಟುಂಬಗಳು ನೆಲ ಬಿಟ್ಟುಕೊಟ್ಟಿವೆ. ಮುಂದೊಂದು ದಿನ ಅಲ್ಲಿಗೆ ಅಧಿಕಾರಿಯಾಗಿ ಹೋಗುವವರಲ್ಲಿ ಕರ್ಕಿಯ ಮಗನೋ ಮಗಳೋ ಏಕಿರಬಾರದು? ಅದು ಈ ವರ್ಷ ನಾವು ತುಂಬುವ ಅರ್ಜಿಗಳಿಂದಲೇ ಆಗಬೇಕು.